ಸೂಜಿರಂಧ್ರದ ಪೆಟ್ಟಿಗೆ ಶಾಲೆಗೆ ಬರಲಿ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿತವರೆಲ್ಲರಿಗೂ ಸೂಜಿರಂಧ್ರ ಕ್ಯಾಮೆರಾದ ಚಿತ್ರ ನೆನಪಿರುತ್ತದೆ: ಈಚೆ ಮೇಣದಬತ್ತಿ, ನಡುವೆ ಪೆಟ್ಟಿಗೆ, ಅದರೊಳಗೆ ತಲೆಕೆಳಗಾದ ಜ್ವಾಲೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಬರೆದು ಅಂಕ ಗಳಿಸಿದವರಲ್ಲಿ ಆ ಬಿಂಬವನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಅಧ್ಯಾಪಕ ವೃತ್ತಿಯುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆಯಿದು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮರದ ಒಂದು ಸೂಜಿರಂಧ್ರ ಕ್ಯಾಮೆರಾ ಇರಬೇಕು, ಅದಕ್ಕೆ ಮಕ್ಕಳೇ ಫಿಲ್ಮ್ ತುಂಬಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತತ್ತ್ವ ನಮಗೆ ಹೊಸದಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ, ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಶಾಲಾ ಪ್ರವಾಸದ ಮಕ್ಕಳು ಅದನ್ನು ‘ನೆರಳು’ ಎಂದು ಕರೆದು ಮುಂದೆ ಸಾಗುತ್ತಾರೆ. ಅದು ನೆರಳಲ್ಲ, ಬಿಂಬ. ಈ ವ್ಯತ್ಯಾಸ ಮಾತಿನಿಂದ ತಿಳಿಯುವುದು ಕಡಿಮೆ, ಕೈಯಿಂದ ತಿಳಿಯುವುದು ಹೆಚ್ಚು.

ಫಿಲ್ಮ್ ತುಂಬುವುದೇ ಮೊದಲ ಪಾಠ. 120 ಅಳತೆಯ ರೋಲಿಗೆ ಹಿಂಬದಿಯಲ್ಲಿ ಬೆಳಕು ತೂರದ ಕಾಗದವಿರುತ್ತದೆ. ನೆರಳಿನಲ್ಲಿ ಕುಳಿತು, ಸುರುಳಿ ಸಡಿಲವಾಗದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಾಗದದ ತುದಿಯನ್ನು ಖಾಲಿ ಸುರುಳಿಯ ಸೀಳಿಗೆ ಸಿಕ್ಕಿಸಿ ಒಂದೆರಡು ಸುತ್ತು ಬಿಗಿಯಬೇಕು. ಅನಂತರ ಹಿಂದಿನ ಹಲಗೆ ಮುಚ್ಚಿ, ಕೆಂಪು ಕಿಂಡಿಯಲ್ಲಿ 1 ಎಂಬ ಅಂಕೆ ಕಾಣುವವರೆಗೆ ಸುತ್ತಿ ಕಿಂಡಿಯನ್ನು ಮುಚ್ಚಬೇಕು. 6 ಸೆಂ.ಮೀ. ಚೌಕದ ಚಿತ್ರಗಳಾದರೆ ಒಂದು ರೋಲಿನಲ್ಲಿ ದೊರೆಯುವುದು 12 ಮಾತ್ರ. ಆದ್ದರಿಂದ ಏನನ್ನು ತೆಗೆಯಬೇಕೆಂದು ಯೋಚಿಸದೆ ಗತ್ಯಂತರವಿಲ್ಲ.

ಮುಂದಿನದು ಗಣಿತ. ರಂಧ್ರದ ವ್ಯಾಸ 0.3 ಮಿ.ಮೀ., ಅಲ್ಲಿಂದ ಫಿಲ್ಮಿಗೆ ದೂರ 50 ಮಿ.ಮೀ. ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ಸುಮಾರು 167. ಸಾಮಾನ್ಯ ಕ್ಯಾಮೆರಾದಲ್ಲಿ ಈ ಸಂಖ್ಯೆಯನ್ನು 16ಕ್ಕೆ ಇಟ್ಟರೆ, 100 ವೇಗದ ಫಿಲ್ಮಿಗೆ ಪ್ರಖರ ಬಿಸಿಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. 167ನ್ನು 16ರಿಂದ ಭಾಗಿಸಿ ವರ್ಗ ಮಾಡಿದರೆ ನಮಗೆ ಬೇಕಾದದ್ದು ಅದರ ನೂರೊಂಬತ್ತು ಪಟ್ಟು, ಅಂದರೆ ಸುಮಾರು ಒಂದು ಸೆಕೆಂಡು. ದೀರ್ಘ ಅವಧಿಯಲ್ಲಿ ಫಿಲ್ಮಿನ ಸಂವೇದನೆ ಕುಗ್ಗುವುದರಿಂದ ಇನ್ನಷ್ಟು ಸೇರಿಸಬೇಕು. ಪೆಟ್ಟಿಗೆಯನ್ನು ಅಲುಗದ ಕಲ್ಲಿನ ಮೇಲಿರಿಸಿ, ಮುಚ್ಚಳ ಸರಿಸಿ, ಎಣಿಸಿ, ಮತ್ತೆ ಮುಚ್ಚಬೇಕು. ಮೋಡ ಕವಿದ ದಿನ ಎಣಿಕೆ ದೀರ್ಘವಾಗುತ್ತದೆ; ಅಂಗಳದಲ್ಲಿ ಓಡಾಡಿದವರು ಚಿತ್ರದಲ್ಲಿ ಮಾಯವಾಗಿ, ನಿಂತ ಮರ ಮಾತ್ರ ಉಳಿಯುತ್ತದೆ. ಏಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾಠ ಆರಂಭವಾಗುವುದು ಅಲ್ಲಿಂದ.

ಮೊಬೈಲ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಮೊಬೈಲ್ ಚಿತ್ರವನ್ನು ಕೊಡುತ್ತದೆ, ಚಿತ್ರ ಹುಟ್ಟುವ ಬಗೆಯನ್ನು ತೋರಿಸುವುದಿಲ್ಲ. ಫಿಲ್ಮ್ ದುಬಾರಿ, ಅದನ್ನು ಸಂಸ್ಕರಿಸುವ ಸ್ಟುಡಿಯೋಗಳು ಊರುಗಳಲ್ಲಿ ಉಳಿದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೂ ದಾರಿಯಿದೆ. ಆರಂಭದಲ್ಲಿ ಕಪ್ಪು-ಬಿಳುಪಿನ ಫೋಟೋ ಕಾಗದದ ತುಂಡನ್ನೇ ಪೆಟ್ಟಿಗೆಯಲ್ಲಿಡಬಹುದು. ಕಾಗದ ಫಿಲ್ಮಿಗಿಂತ ನಿಧಾನ, ಎಣಿಕೆ ಹೆಚ್ಚು ಬೇಕು. ಆದರೆ ಕೆಂಪು ದೀಪದ ಕೋಣೆಯಲ್ಲಿ ಬಿಂಬ ಮೂಡುವುದನ್ನು ಮಕ್ಕಳೇ ನೋಡಬಹುದು. ಪೆಟ್ಟಿಗೆಯನ್ನು ಊರಿನ ಬಡಗಿ ಮಾಡಿಕೊಡಬಲ್ಲ.

2001ರಿಂದ ಏಪ್ರಿಲ್ ತಿಂಗಳ ಕೊನೆಯ ಭಾನುವಾರ ವಿಶ್ವ ಸೂಜಿರಂಧ್ರ ಛಾಯಾಗ್ರಹಣ ದಿನವಾಗಿ ಆಚರಣೆಯಲ್ಲಿದೆ. ನಮ್ಮಲ್ಲಿ ಆಗ ಬೇಸಿಗೆ ರಜೆ, ಬಿಸಿಲಿಗಂತೂ ಕೊರತೆಯಿಲ್ಲ. ಸೇವೆಯಲ್ಲಿರುವ ಅಧ್ಯಾಪಕ ಮಿತ್ರರು ಒಮ್ಮೆ ಪ್ರಯತ್ನಿಸಿ ನೋಡಲಿ.