ಕತೆಯಲ್ಲಿ ಅಳಬೇಕಾದವರು ಯಾರು?

ನಮ್ಮ ಕಾಲೇಜಿನ ಕಥಾಸ್ಪರ್ಧೆಗೆ ಬಂದ ಕತೆಗಳನ್ನು ಎರಡು ವರ್ಷ ಮೊದಲ ಸುತ್ತಿನಲ್ಲಿ ಓದಿದ್ದೇನೆ. ಹೆಚ್ಚಿನವುಗಳಲ್ಲಿ ನಾಯಕ ಬಡವ. ಮೂರನೇ ಪ್ಯಾರಾದಷ್ಟರಲ್ಲಿ ಅವನ ಕಣ್ಣೀರು ಕೋಡಿ ಹರಿದಿರುತ್ತದೆ. ಬರೆದವರ ಸಂಕಟ ಸುಳ್ಳಲ್ಲ. ಆದರೆ ಪಾತ್ರವೇ ಅಷ್ಟೊಂದು ಅತ್ತುಬಿಟ್ಟರೆ ಓದುವವರಿಗೆ ಉಳಿಯುವುದೇನು?

ಹೊಸಬರಿಗೆ ಸಿಗುವ ಸಲಹೆಯೂ ಹಾಗೇ ಇದೆ: ಭಾವ ತುಂಬಿ ಬರೆ, ಶಬ್ದಭಂಡಾರ ಬೆಳೆಸಿಕೊ. ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ಈ ಕತೆ ಹೇಳುತ್ತಿರುವವರು ಯಾರು? ಅವರು ಏನನ್ನು ಹೇಳದೇ ಬಿಡುತ್ತಾರೆ?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೋಡಿ. ಕಾಫಿ ಹೌಸಿನಲ್ಲಿ ಕುಳಿತವನೊಬ್ಬ ತನ್ನ ಮನೆಯವರ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಗೆ ದುಡ್ಡು ಬಂದಿದೆ. ಅದಕ್ಕೂ ಮುಂಚಿನ ಪುಟ್ಟ ಮನೆಯಲ್ಲಿ ಇರುವೆಗಳ ಕಾಟ. ಮನೆಯವರು ಅವನ್ನು ಹೇಗೆ ಕೊಲ್ಲುತ್ತಿದ್ದರು ಎಂಬುದನ್ನು ಅವನು ದಿನನಿತ್ಯದ ಕೆಲಸದಂತೆ ವಿವರಿಸುತ್ತಾನೆ. ಇದು ಕ್ರೌರ್ಯ ಎಂದು ಯಾರೂ ನಮ್ಮ ಕಿವಿಯಲ್ಲಿ ಊದುವುದಿಲ್ಲ. ಮುಂದೆ ಮನುಷ್ಯರ ವಿಷಯಕ್ಕೆ ಬಂದಾಗ ಎದೆ ಧಸಕ್ಕೆನ್ನುವುದು ಆ ಇರುವೆಗಳು ನೆನಪಿನಲ್ಲಿರುವುದರಿಂದ. ಕೊನೆಗೆ ಏನಾಯಿತು ಎಂಬುದನ್ನೂ ಬಿಡಿಸಿ ಹೇಳಿಲ್ಲ. (ಅದರ ಬಗ್ಗೆ ನಾನೂ ನನ್ನ ಗೆಳತಿಯೂ ಇನ್ನೂ ಜಗಳವಾಡುತ್ತೇವೆ.)

ಇದೆಲ್ಲ ಪಳಗಿದವರಿಗೆ ಮಾತ್ರ ಎನ್ನಬೇಡಿ. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಾ ಬಾಡಿಗೆ ರೂಮುಗಳಲ್ಲಿರುವ ನಮ್ಮ ಬಳಿ ಸರಕೇನು ಕಡಿಮೆಯೇ? ಅರ್ಜಿ ಶುಲ್ಕ ಕಟ್ಟಲು ಕೊನೇ ದಿನ ಯಾವತ್ತು ಎಂದು ಅಪ್ಪ ಫೋನಿನಲ್ಲಿ ಕೇಳುತ್ತಾರೆ. ಹೇಳುತ್ತೇವೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡೇರಿ ಬಟವಾಡೆ ಯಾವತ್ತು?’ ಎಂದು ಪಕ್ಕದಲ್ಲಿದ್ದ ಅಮ್ಮನನ್ನು ಕೇಳುವುದು ಕೇಳಿಸುತ್ತದೆ. ಇಲ್ಲಿ ‘ಬಡತನದ ಬೇಗೆ’ ಎಂದು ಸೇರಿಸಿದರೆ ಆ ಅಪ್ಪನೇ ಮರೆಯಾಗುತ್ತಾರೆ.

ಹಾಗಂತ ಎಲ್ಲವನ್ನೂ ಮುಚ್ಚಿಡಬೇಕಿಲ್ಲ. ಯಾರು, ಎಲ್ಲಿ ಎಂಬುದೇ ತಿಳಿಯದ ಕತೆ ಬರೆದು ‘ಅದು ಧ್ವನಿ’ ಎಂದು ವಾದಿಸುವವರೂ ಇದ್ದಾರೆ. ಬಟವಾಡೆಯ ವಾರ, ಶುಲ್ಕದ ಮೊತ್ತ, ಕೊನೇ ದಿನಾಂಕ ಎಲ್ಲ ಖಚಿತವಾಗಿರಲಿ. ಅದನ್ನು ಓದಿ ಏನನ್ನಿಸಬೇಕು ಎಂಬುದನ್ನು ಮಾತ್ರ ಬರೆಯುವುದು ಬೇಡ.

ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸುವ ಮುನ್ನ ನಾನು ಕತೆಯ ಕೊನೆಯ ಪ್ಯಾರಾ ತೆಗೆದು ಗೆಳತಿಗೆ ಓದಲು ಕೊಡುತ್ತೇನೆ. ‘ಏನೋ ಬಿಟ್ಟುಹೋಗಿದೆಯಲ್ಲೇ’ ಎಂದರೆ ಮತ್ತೆ ಸೇರಿಸುತ್ತೇನೆ. ಇಷ್ಟರವರೆಗೆ ಅವಳು ಒಂದೇ ಸಲ ಹಾಗೆ ಕೇಳಿದ್ದಾಳೆ.