ಅಲೆಯ ಮೇಲೆ ನಿಲ್ಲುವ ವಿದ್ಯೆ

ಸಂಸಾರವನ್ನು ಸಾಗರಕ್ಕೆ ಹೋಲಿಸುವುದು ನಮ್ಮಲ್ಲಿ ಬಹು ಹಳೆಯ ವಾಡಿಕೆ. ಪುರಾಣಿಕರಿಗೂ ಹರಿದಾಸರಿಗೂ ಅದು ದಾಟಬೇಕಾದ ಕಡಲು. ಅದಕ್ಕೆ ನಾವೆ ಬೇಕು, ಅಂಬಿಗ ಬೇಕು, ಆಚೆಯ ದಡ ಬೇಕು. ಆದರೆ ಒಂದು ದಡದಿಂದ ಹೊರಟು ಅದೇ ದಡಕ್ಕೆ ಮರಳುವ, ನಡುವೆ ಕೆಲವು ಕ್ಷಣ ಅಲೆಯ ಮೇಲೆ ನೆಟ್ಟಗೆ ನಿಲ್ಲುವುದನ್ನೇ ಪ್ರಯೋಜನವೆಂದು ತಿಳಿದ ಜನರೂ ಲೋಕದಲ್ಲುಂಟು. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪವಾಸಿಗಳು ಈ ವಿದ್ಯೆಯನ್ನು ‘ಹೇಎ ನಲು’ ಎಂದು ಕರೆದರು. ಅಲೆಯ ಮೇಲೆ ಜಾರುವುದು ಎಂದು ಅದರ ಅರ್ಥ. ಇಂದು ಜಗತ್ತು ಅದನ್ನು ಸರ್ಫಿಂಗ್ ಎನ್ನುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ನಮ್ಮ ಕರಾವಳಿಗೂ ಅದು ಅಪರಿಚಿತವಲ್ಲ. ಮೂಲ್ಕಿಯಲ್ಲಿ ಅದನ್ನು ಕಲಿಸುವವರಿದ್ದಾರೆ, ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು.

ದಡದ ಪ್ರೇಕ್ಷಕನಿಗೆ ಕಾಣುವುದು ನಿಲುವಿನ ಸೊಬಗು ಮಾತ್ರ. ಆದರೆ ಹಲಗೆಯ ಮೇಲೆ ನಿಂತ ಹೊತ್ತು ಅತ್ಯಲ್ಪ. ಮಕಾಡೆ ಮಲಗಿ ಕೈಗಳಿಂದ ನೀರನ್ನು ಹಿಂದೂಡುತ್ತ ಸಾಗಿದ ಹೊತ್ತು, ದಿಗಂತವನ್ನು ದಿಟ್ಟಿಸುತ್ತ ಕಾದ ಹೊತ್ತು, ಇವೇ ಬಹುಪಾಲು. ಎಲ್ಲಿಯೋ ದೂರದ ಬಿರುಗಾಳಿ ಹುಟ್ಟಿಸಿದ ಅಲೆ ನೂರಾರು ಮೈಲಿ ಪಯಣಿಸಿ, ನೀರು ತೆಳುವಾದಲ್ಲಿ ತಲೆಯೆತ್ತಿ ಒಡೆಯುತ್ತದೆ. ಅದನ್ನು ಕರೆತರುವ ಶಕ್ತಿ ಯಾರಿಗೂ ಇಲ್ಲ. ಆದರೆ ಅದು ಸಮೀಪಿಸುವ ಮುನ್ನವೇ ಅದರ ವೇಗವನ್ನು ಅರಿತು ಕೈಬೀಸತೊಡಗಿದವನನ್ನು ಅದು ಎತ್ತಿಕೊಳ್ಳುತ್ತದೆ. ಬಂದ ಮೇಲೆ ಎಚ್ಚೆತ್ತವನನ್ನು ಬಿಟ್ಟು ಮುಂದೆ ಹೋಗುತ್ತದೆ. ಕಾಯುವುದು ಬೇರೆ, ಸುಮ್ಮನೆ ಕೂರುವುದು ಬೇರೆ. ತನ್ನ ಅಳವಿಗೆ ಮೀರಿದ ಅಲೆಯನ್ನು ಹೋಗಗೊಡುವುದೂ ಹೇಡಿತನವಲ್ಲ, ವಿವೇಕ.

ಇದಕ್ಕಿಂತ ಮುಖ್ಯವಾದ ಪಾಠವೊಂದಿದೆ. ಈ ವಿದ್ಯೆಯಲ್ಲಿ ನಿಲ್ಲುವುದನ್ನು ಕಲಿಸುವಾಗಲೇ ಬೀಳುವುದನ್ನೂ ಕಲಿಸುತ್ತಾರೆ. ತಲೆ ಮುಂದಾಗಿ ಬೀಳಬಾರದು. ನೀರಿನಿಂದ ಮೇಲೇಳುವಾಗ ತಲೆಗೆ ಕೈಗಳ ಆಸರೆ ಇರಬೇಕು. ಕಡಲಿನೊಳಕ್ಕೆ ಎಳೆಯುವ ಸೆಳವಿಗೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜಿ ಬಲಗುಂದಬಾರದು. ದಡಕ್ಕೆ ಸಮಾಂತರವಾಗಿ ಈಜಿ ಸೆಳವಿನಿಂದ ಹೊರಬಂದು, ಅನಂತರ ದಡದತ್ತ ತಿರುಗಬೇಕು.

ನಮ್ಮ ವಿದ್ಯಾಲಯಗಳಲ್ಲಿ ಈ ಪಾಠಕ್ಕೆ ಎಡೆಯೆಲ್ಲಿ? ಕೆಲವು ವರ್ಷಗಳ ಹಿಂದೆ ಒಂದೇ ಒಂದು ವಿಷಯದಲ್ಲಿ ಅನುತ್ತೀರ್ಣನಾದ ನಮ್ಮ ವಿದ್ಯಾರ್ಥಿಯೊಬ್ಬ ಕಾಲೇಜಿನ ಕಡೆ ಮತ್ತೆ ಮುಖ ಹಾಕಲಿಲ್ಲ. ಎರಡು ವರ್ಷ ಅವನಿಗೆ ಛಂದಸ್ಸನ್ನೂ ಅಲಂಕಾರವನ್ನೂ ಬೋಧಿಸಿದ ನಾವು, ಬಿದ್ದಾಗ ಏನು ಮಾಡಬೇಕೆಂದು ಒಂದು ದಿನವೂ ಹೇಳಿರಲಿಲ್ಲ. ಹೋದ ಅಲೆಯ ಹಿಂದೆ ಇನ್ನೊಂದು ಬರುತ್ತದೆಂಬ ಸರಳ ಸತ್ಯವನ್ನು ಅವನಿಗೆ ತಿಳಿಸಬೇಕಾದವರು ನಾವಲ್ಲದೆ ಮತ್ತಾರು?

ಕಡಲಾಟದ ಉಪಮೆಯನ್ನು ಬದುಕಿಗೆ ಒಡ್ಡುವುದು ಸುಲಭ. ಆದರೆ ಆಡುವವನು ಬಯಸಿ ನೀರಿಗಿಳಿದವನು. ಬಡತನ, ರೋಗ, ಅಗಲಿಕೆಗಳ ಅಲೆಗೆ ಸಿಕ್ಕವರು ಬಯಸಿ ಇಳಿದವರಲ್ಲ. ಅವರ ಕೈಯಲ್ಲಿ ಹಲಗೆಯೂ ಇಲ್ಲ. ಅವರಿಗೆ ತಾಳ್ಮೆಯನ್ನು ಉಪದೇಶಿಸಿದರೆ ಸಾಕೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಡ್ಯೂಕ್ ಕಹನಮೋಕು ಅವರ ಬಾಳಿನಲ್ಲಿದೆ. ಹವಾಯಿಯ ಹೊನೊಲುಲುವಿನಲ್ಲಿ 1890ರಲ್ಲಿ ಹುಟ್ಟಿದ ಅವರು 1912 ಮತ್ತು 1920ರ ಒಲಿಂಪಿಕ್ಸ್‌ಗಳಲ್ಲಿ ಈಜಿನಲ್ಲಿ ಚಿನ್ನದ ಪದಕ ಗೆದ್ದವರು. ತಮ್ಮ ನಾಡಿನ ಅಲೆಯಾಟವನ್ನು ಆಸ್ಟ್ರೇಲಿಯಾದವರೆಗೂ ಕೊಂಡೊಯ್ದು ತೋರಿಸಿದವರು. 1925ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ‘ಥೆಲ್ಮಾ’ ಎಂಬ ದೋಣಿ ಹೆದ್ದೆರೆಗಳಿಗೆ ಸಿಕ್ಕಿ ಮಗುಚಿತು. ಕೆಲವರು ಸತ್ತರು. ತೀರದಲ್ಲಿದ್ದ ಕಹನಮೋಕು ತಮ್ಮ ಹಲಗೆಯೊಡನೆ ಮತ್ತೆ ಮತ್ತೆ ಆ ನೀರಿಗೆ ನುಗ್ಗಿ 8 ಮಂದಿಯನ್ನು ದಡಕ್ಕೆ ತಂದರು. ಅವರ ಸಂಗಡಿಗರು ಇನ್ನು 4 ಮಂದಿಯನ್ನು ಉಳಿಸಿದರು. ಆಟಕ್ಕೆಂದು ಕಲಿತ ವಿದ್ಯೆ ಅಂದು ಮುಳುಗುತ್ತಿದ್ದವರ ಪಾಲಿಗೆ ಪ್ರಾಣವಾಯಿತು.

ನಿಲ್ಲಲು ಕಲಿತವನ ಹೊಣೆ ತಾನು ನಿಂತಲ್ಲಿಗೆ ಮುಗಿಯುವುದಿಲ್ಲ. ಈ ವರ್ಷದ ಫಲಿತಾಂಶ ಪ್ರಕಟವಾದಾಗ, ಗೆದ್ದವರ ಭಾವಚಿತ್ರಗಳು ಪತ್ರಿಕೆಗಳನ್ನು ತುಂಬುವ ಆ ಮುಂಜಾನೆ, ಬಿದ್ದವರ ಮನೆಯ ಬಾಗಿಲನ್ನು ತಟ್ಟುವ ಅಧ್ಯಾಪಕರು ಊರಿಗೊಬ್ಬರಾದರೂ ಇರಲಿ. ಆ ಬಾಗಿಲಿನಲ್ಲಿ ಆಡಬೇಕಾದ ಮಾತು ಬಹಳವಿಲ್ಲ: ಅಲೆ ಇನ್ನೂ ಬರುತ್ತದೆ, ಬಾ, ಜೊತೆಗೆ ಕಾಯೋಣ.