ಪತ್ತನಾಜೆಯಿಂದ ದೀಪಾವಳಿಯವರೆಗೆ

ಪ್ರಾಚೀನ ರೋಮಿನಲ್ಲಿ ಒಂದೊಂದು ದೇವತೆಗೆ ಒಬ್ಬೊಬ್ಬನಂತೆ ‘ಫ್ಲಾಮೆನ್’ ಎಂಬ 15 ಮಂದಿ ಅರ್ಚಕರಿದ್ದರು; ಅವರಲ್ಲಿ ಜ್ಯೂಪಿಟರ್ ಮೊದಲಾದ ಮಹಾದೇವತೆಗಳ ಮೂವರು ಕುಲೀನರು, ಪೊಮೋನಾ, ಫ್ಲೋರಾ ಮುಂತಾದ ಕಿರುದೇವತೆಗಳ ಉಳಿದ 12 ಮಂದಿ ಸಾಮಾನ್ಯ ವರ್ಗದವರು. ಈ ಕಿರುದೇವತೆಗಳಲ್ಲೊಬ್ಬಳಾದ ಫುರ್ರೀನಾಳಿಗೆ ಪೂರ್ವಿಕರು ಅರ್ಚಕನನ್ನೂ ವಾರ್ಷಿಕೋತ್ಸವವನ್ನೂ ಗೊತ್ತುಮಾಡಿದ್ದರೂ, ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಿದ್ವಾಂಸನಾದ ವಾರ್ರೋನ ಕಾಲಕ್ಕೆ ಆಕೆಯ ಹೆಸರನ್ನು ಬಲ್ಲವರೇ ವಿರಳರಾಗಿದ್ದರು.

ಚಾರ್ಮಾಡಿ ಘಟ್ಟದ ತಪ್ಪಲಿನ ನಮ್ಮ ಸೀಮೆಯಲ್ಲಿ ಸಂಗತಿ ಇದಕ್ಕೆ ವಿಪರೀತ. ಪಂಜುರ್ಲಿ, ಗುಳಿಗ, ಕಲ್ಲುರ್ಟಿಯರನ್ನು ಇಲ್ಲಿ ಮರೆತವರಿಲ್ಲ. ಅವರನ್ನು ಕಿರಿಯರೆನ್ನುವುದೂ ಕಷ್ಟ, ಏಕೆಂದರೆ ನೆರೆಯ ಧರ್ಮಸ್ಥಳದ ಐತಿಹ್ಯದಂತೆ ಮೊದಲು ಬಂದವರು ದೈವಗಳು, ಅನಂತರ ಮಂಜುನಾಥ. ನಮ್ಮ ಮರೆವಿಗೆ ಗುರಿಯಾದವರು ಆ ದೈವಗಳ ಚಾಕರಿಯವರು.

ನೇಮದ ರಾತ್ರಿ ಎಣ್ಣೆಬೂಳ್ಯ ಸ್ವೀಕರಿಸಿ ಮಿಂದು ಬಂದ ನಲಿಕೆ, ಪರವ ಅಥವಾ ಪಂಬದ ಕುಲದ ನರ್ತಕರು ಮುಖಕ್ಕೆ ಅರ್ದಳದ ಹಳದಿಯನ್ನು ಬಳಿದುಕೊಳ್ಳುತ್ತಿರುವಾಗ, ಪಕ್ಕದಲ್ಲಿ ಕುಳಿತ ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಆ ದೈವದ ಹುಟ್ಟಿನ ಪಾಡ್ದನವನ್ನು ಹಾಡುತ್ತಾಳೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಅಣಿ, ಕಾಲಿಗೆ ಗಗ್ಗರ ಏರಿದ ಮೇಲೆ ಗುತ್ತಿನ ಯಜಮಾನರೇ ಕೈಮುಗಿದು ನುಡಿಗಾಗಿ ಕಾಯುತ್ತಾರೆ. ಬೆಳಗಾಗಿ ಬಣ್ಣ ಒರೆಸಿಕೊಂಡವರನ್ನು ಅದೇ ಅಂಗಳದಲ್ಲಿ ‘ಕುಳಿತುಕೊಳ್ಳಿ’ ಎನ್ನುವವರು ಎಷ್ಟು ಮಂದಿ?

ಬೇಷ ತಿಂಗಳ ಹತ್ತಕ್ಕೆ, ಪತ್ತನಾಜೆಯಂದು, ಗಗ್ಗರ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಆಚೆಗೆ. ನಡುವಣ ಆಟಿಯಲ್ಲಿ ನಲಿಕೆಯವರು ಕಳಂಜನಾಗಿ ತಾಳೆಗರಿಯ ಕೊಡೆ ತಿರುಗಿಸುತ್ತ ಮನೆಮನೆಯ ಮಾರಿ ಕಳೆದು ಅಕ್ಕಿ, ತೆಂಗಿನಕಾಯಿ ಪಡೆಯುತ್ತಿದ್ದರು. ಆ ಕಳಂಜನೂ ಈಗ ಸಭಾಭವನಗಳ ‘ಆಟಿಡೊಂಜಿ ದಿನ’ಕ್ಕೆ ಶೋಭೆಯಾಗಿದ್ದಾನೆ.

‘ಕಾಂತಾರ’ ಚಲಚ್ಚಿತ್ರದ ಗದ್ದಲದ ನಡುವೆ, 2022ರ ಅಕ್ಟೋಬರಿನಲ್ಲಿ, ರಾಜ್ಯ ಸರ್ಕಾರವು 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಘೋಷಿಸಿದ್ದು ಉಚಿತವೇ. ಆದರೆ ಮೂವತ್ತರ ಹರೆಯದಲ್ಲಿ ರಾತ್ರಿಯಿಡೀ ಅಣಿ ಹೊತ್ತು ಕುಣಿಯುವವನಿಗೆ ಮಳೆಗಾಲದ ಹಸಿವು ಅರುವತ್ತರವರೆಗೆ ಕಾಯುವುದಿಲ್ಲ; ಅವನ ಮಗನು ಪೇಟೆಯ ಕೆಲಸವನ್ನು ಹುಡುಕಿಕೊಂಡು ಹೋದರೆ ಪಾಡ್ದನವೂ ಅವನೊಂದಿಗೆ ಘಟ್ಟ ಹತ್ತುತ್ತದೆ. ಈ ಭಾರವನ್ನು ಸರ್ಕಾರದ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಸರಿಯಲ್ಲ. ಜೀರ್ಣೋದ್ಧಾರಕ್ಕೂ ಬ್ರಹ್ಮಕಲಶಕ್ಕೂ ಲಕ್ಷಗಟ್ಟಲೆ ವೆಚ್ಚ ಮಾಡುವ ಆಡಳಿತ ಸಮಿತಿಗಳು, ದೀಪಾಲಂಕಾರಕ್ಕೆ ತೆಗೆದಿಡುವ ಹಣದಲ್ಲೊಂದು ಪಾಲನ್ನು ಮಳೆಗಾಲದ ಪಡಿಯಾಗಿ ನರ್ತಕರ ಮನೆಗೆ ಸಲ್ಲಿಸಬೇಕು. ಪಾಡ್ದನ ಹೇಳುವ ಹೆಂಗಸಿಗೆ ಅದರಲ್ಲಿ ಪ್ರತ್ಯೇಕ ಅಂಶವಿರಲಿ. ಪತ್ತನಾಜೆಯಂದೇ ಕೈಗೆ ಸೇರಲಿ.